ಚಾವಡಿಯಲ್ಲಿ ಗೇರ್ ಸೈಕಲ್

ನಾನು ಬೆಳೆದ ಮನೆಯಲ್ಲಿ ಸುಮ್ಮನೆ ಮಾತಾಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಬಾಯಿ ತೆರೆದರೆ ಬೈಯುವುದಕ್ಕೆ, ಇಲ್ಲವಾದರೆ ಬೈದದ್ದಕ್ಕೆ ಉತ್ತರ ಕೊಡುವುದಕ್ಕೆ. ಅಜ್ಜಿ ಬೆಕ್ಕಿಗೆ ಬೈಯುತ್ತಿದ್ದಳು, ಬೆಕ್ಕು ಕಾಣದಿದ್ದರೆ ಒಲೆಗೆ. ಅಮ್ಮ ಪಾತ್ರೆ ಕುಕ್ಕುವ ಸದ್ದಿನಲ್ಲೇ ಬೈದು ಮುಗಿಸುತ್ತಿದ್ದಳು. ಹೆಸರು ಹಿಡಿದು, ಎದುರು ನಿಲ್ಲಿಸಿಕೊಂಡು ಬೈಯುವ ಅಧಿಕಾರ ಮಾವನದ್ದು ಮಾತ್ರ. ಮಾವ ಎಂದರೆ ಅಮ್ಮನ ಅಣ್ಣ. ನಮ್ಮಲ್ಲಿ ಮನೆ ಹೆಂಗಸರ ಕಡೆಯಿಂದ ಇಳಿದು ಬರುತ್ತದೆ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳ ಮಕ್ಕಳಿಗೆ. ಆದರೆ ಯಜಮಾನಿಕೆ ನಡೆಸುವುದು ಗಂಡಸು, ಆ ಗಂಡಸು ಅಪ್ಪ ಅಲ್ಲ, ಮಾವ. ಅಪ್ಪ ಮೂಡುಬಿದಿರೆಯ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಇದ್ದರು. ರಜೆ ಸಿಕ್ಕಿದಾಗ ನಮ್ಮ ಮನೆಗೆ ನೆಂಟರ ಹಾಗೆ ಬಂದು, ನೆಂಟರಿಗಿಂತ ಕಡಿಮೆ ಮರ್ಯಾದೆ ಪಡೆದು ಹೋಗುತ್ತಿದ್ದರು. ಮಾವನಿಗೂ ಹೆಂಡತಿ ಮಕ್ಕಳಿದ್ದರು, ವೇಣೂರಿನ ಹತ್ತಿರ. ಅಲ್ಲಿ ಆ ಮನೆಯ ಯಜಮಾನ ಇವರನ್ನು ಹೇಗೆ ನಡೆಸಿಕೊಳ್ಳುತ್ತಿದ್ದನೋ ನಾನು ನೋಡಿಲ್ಲ. ಅಲ್ಲಿಂದ ಬಂದ ಮರುದಿನ ಮಾವ ನಮಗೆ ಬೈಯುವುದು ಜಾಸ್ತಿ ಇತ್ತು ಎಂಬುದು ಮಾತ್ರ ಗೊತ್ತುಂಟು. ಬೈಗುಳವೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಖಾರ ಅರ್ಧ ಇಳಿದಿದೆ.

ಮನೆ ಇದ್ದದ್ದು ನೆರಿಯದ ಆಚೆ, ರಬ್ಬರ್ ಮರಗಳ ಸಾಲು ಮುಗಿದು ಕಾಡು ಶುರುವಾಗುವಲ್ಲಿ. ಎದುರಿನ ಕೋಣೆಗೆ ಚಾವಡಿ ಎನ್ನುತ್ತಿದ್ದೆವು. ಉದ್ದನೆಯ ಕೋಣೆ, ಒಂದೇ ಕಿಟಕಿ. ಬಾಗಿಲಿಂದ ಒಳಗೆ ಬಂದರೆ ಎದುರಿನ ಕೊನೆಯಲ್ಲಿ ದೈವದ ಮಂಚ. ಮನುಷ್ಯರು ಮಲಗುವ ಮಂಚ ಅಲ್ಲ. ಅದರ ಮೇಲೆ ಕೆಂಪು ಬಟ್ಟೆ, ಕಂಚಿನ ಗಂಟೆ, ಉದ್ದದ ಕತ್ತಿ. ಸಂಜೆ ಅದರ ಎದುರು ದೀಪ ಇಡುವುದು ಮಾವ. ದೀಪ ಇಟ್ಟ ಮೇಲೆ ಅಲ್ಲೇ ಚಾಪೆ ಹಾಸಿ ಮಲಗುವುದೂ ಅವರೇ. ಮನೆಯಲ್ಲಿ ಕಬ್ಬಿಣದ್ದು ಏನಿದ್ದರೂ, ಹಾರೆ, ಕತ್ತಿ, ರಬ್ಬರ್ ಮರ ಕೊಯ್ಯುವ ಟ್ಯಾಪಿಂಗ್ ಚೂರಿ, ಎಲ್ಲ ಚಾವಡಿಯಲ್ಲೇ ಇರಬೇಕು, ದೈವದ ಕಣ್ಣಿಗೂ ಮಾವನ ಕಣ್ಣಿಗೂ ಬೀಳುವ ಹಾಗೆ. ಆ ಕೋಣೆಯಲ್ಲಿ ಮಂಚದ ಕಡೆ ಕಾಲು ಚಾಚಿ ಕೂರುವ ಹಾಗಿಲ್ಲ, ಬೆನ್ನು ಹಾಕಿ ನಿಲ್ಲುವ ಹಾಗಿಲ್ಲ. ಅಜ್ಜಿ ಹೊರಗೆ ಹೋಗುವಾಗ ಸ್ವಲ್ಪ ದೂರ ಹಿಂದಕ್ಕೇ ನಡೆದು ಆಮೇಲೆ ತಿರುಗುತ್ತಿದ್ದಳು. ನಾವು ಮಕ್ಕಳಾಗಿದ್ದಾಗ ಅದನ್ನೇ ಆಟ ಮಾಡಿ ಪೆಟ್ಟು ತಿಂದಿದ್ದೇವೆ.

ಏಳನೇ ಕ್ಲಾಸು ಮುಗಿಸಿದ ಮೇಲೆ ಮಾವ ನನ್ನನ್ನು ರಬ್ಬರಿಗೆ ಹಾಕಿದರು. ಟ್ಯಾಪಿಂಗಿಗೆ ಬರುತ್ತಿದ್ದವನು ಮಾವನ ಬಾಯಿಗೆ ಹೆದರಿ ಕೆಲಸ ಬಿಟ್ಟಿದ್ದ, ಅವನ ಜಾಗಕ್ಕೆ ನಾನು. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗಿ ತೊಗಟೆ ಕೊಯ್ಯುವುದು, ಬಿಸಿಲು ಏರುವಾಗ ಚಿಪ್ಪುಗಳಲ್ಲಿ ತುಂಬಿದ ಹಾಲನ್ನು ಬಕೆಟಿಗೆ ಬಗ್ಗಿಸಿ ತರುವುದು. ಆ ಹಾಲಿಗೆ ಆ್ಯಸಿಡ್ ಬೆರೆಸಿ ಹೆಪ್ಪು ಹಾಕಿ, ರೋಲರಿಗೆ ಕೊಟ್ಟು ಶೀಟ್ ಮಾಡುವುದು ಅಮ್ಮನ ಕೆಲಸ. ಹೀಗೆ ನನ್ನ ಮೀಸೆ ಮೂಡಿತು. ಒಂದು ದಿನ ಹೊಸ ಆ್ಯಸಿಡ್ ಕ್ಯಾನು ಬಂತು, ಮೊದಲಿನದಕ್ಕಿಂತ ಖಾರದ್ದು. ಎಷ್ಟು ನೀರಿಗೆ ಎಷ್ಟು ಎಂದು ಕ್ಯಾನಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಮಾವ ನನ್ನ ಕೈಗೆ ಕೊಟ್ಟು ಓದು ಎಂದರು. ಅಕ್ಷರ ಕೂಡಿಸಿದೆ, ಅರ್ಥ ಆಗಲಿಲ್ಲ. ಅಮ್ಮ ಹಳೆಯ ಅಳತೆಯಲ್ಲೇ ಬೆರೆಸಿದಳು, ಮೊಣಕೈವರೆಗೆ ಚರ್ಮ ಎದ್ದಿತು. ಅವಳು ಅಳಲಿಲ್ಲ. ಸುಟ್ಟ ಕೈಯನ್ನು ನನ್ನ ಮುಖದ ಹತ್ತಿರ ಹಿಡಿದು ಕೇಳಿದಳು:

"ಏಳು ವರ್ಷ ಶಾಲೆಯಲ್ಲಿ ಎಂತ ಮಾಡಿದ್ದು ನೀನು?"

ಎಂಟನೇ ಕ್ಲಾಸಿಗೆ ಸೇರುತ್ತೇನೆ ಎಂದು ನಾನು ಹಟ ಹಿಡಿದದ್ದು ಆಗ. ಅಪ್ಪ ರಜೆ ಹಾಕಿ ಬಂದು ಹೆಡ್ಮಾಸ್ಟರ ಹತ್ತಿರ ಬೇಡಿಕೊಂಡರು, ಕಾಲು ಹಿಡಿಯುವುದೊಂದು ಬಾಕಿ. ಹೆಡ್ಮಾಸ್ಟರು ನನ್ನ ಮೀಸೆ ನೋಡಿ, ಇವನನ್ನು ಮಕ್ಕಳ ನಡುವೆ ಕೂರಿಸಿದರೆ ಮೇಷ್ಟ್ರು ಯಾರು ಎಂದು ಗೊತ್ತಾಗಲಿಕ್ಕಿಲ್ಲ ಎಂದರು. ಸೇರಿಸಿಕೊಂಡರು, ಒಂದು ಷರತ್ತಿನ ಮೇಲೆ. ಮೊದಲ ಗಂಟೆ ಹೊಡೆಯುವ ಮೊದಲು ಬಂದರೆ ಹಾಜರಿ, ಆಮೇಲೆ ಬಂದರೆ ಮನೆಗೆ. ಹಾಜರಿ ಕಡಿಮೆಯಾದರೆ ಹೆಸರು ತೆಗೆಯುವುದು. ಮನೆಯಲ್ಲಿ ಮಾವನ ಷರತ್ತು ಬೇರೆ:

"ಹಾಲು ತಂದು ಒಪ್ಪಿಸಿದ ಮೇಲೆ ನೀನು ಎಲ್ಲಿಗೆ ಬೇಕಾದರೂ ಹೋಗು. ಒಪ್ಪಿಸದೆ ಹೋದರೆ ಮತ್ತೆ ಊಟಕ್ಕೆ ಬರಬೇಡ."

ಹಾಲು ಒಪ್ಪಿಸುವ ಹೊತ್ತಿಗೆ ಬೆಳಗಿನ ಬಸ್ಸು ಹೋಗಿ ಆಗುತ್ತಿತ್ತು. ನಡೆದರೆ ತಲುಪುವುದಿಲ್ಲ. ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಎರಡು ದೊಡ್ಡ ಏರು, ಊರಿನ ಸೈಕಲ್ಲುಗಳನ್ನು ಅಲ್ಲಿ ಯಾರೂ ಕೂತು ತುಳಿದದ್ದಿಲ್ಲ. ಹಾಗೆ ಬಂದದ್ದು ಗೇರ್ ಸೈಕಲ್. ಅಪ್ಪನ ಹಾಸ್ಟೆಲಿನಲ್ಲಿ ಬಯಲುಸೀಮೆಯ ಒಬ್ಬ ಹುಡುಗ ಓದು ಮುಗಿಸಿ ಹೋಗುವಾಗ, ಇದನ್ನು ಊರಿಗೆ ಸಾಗಿಸುವವರು ಯಾರು, ನೀವೇ ಇಟ್ಟುಕೊಳ್ಳಿ ಎಂದು ಅಪ್ಪನಿಗೆ ಬಿಟ್ಟು ಹೋಗಿದ್ದನಂತೆ. ಅಪ್ಪ ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಬಸ್ಸಿನ ತಲೆಯ ಮೇಲೆ ಹಾಕಿಸಿ, ಅಲ್ಲಿಂದ ತುಳಿದುಕೊಂಡೇ ಬಂದರು. ನೀಲಿ ಬಣ್ಣ. ಹಿಂದಿನ ಚಕ್ರದಲ್ಲಿ ಒಂದರ ಪಕ್ಕ ಒಂದು ಹಲ್ಲಿನ ಚಕ್ರಗಳು, ದೊಡ್ಡದರಿಂದ ಸಣ್ಣದಕ್ಕೆ. ಅದರ ಕೆಳಗೆ ಎರಡು ಪುಟ್ಟ ಚಕ್ರಗಳಿರುವ ಒಂದು ಕೈ ನೇತಾಡುತ್ತಿತ್ತು. ಹ್ಯಾಂಡಲಿನಲ್ಲಿರುವ ಸಣ್ಣ ಹಿಡಿಕೆ ತಿರುಗಿಸಿದರೆ ವಯರ್ ಆ ಕೈಯನ್ನು ಎಳೆದು, ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಇಷ್ಟು ಅರ್ಥ ಮಾಡಿಕೊಳ್ಳಲಿಕ್ಕೇ ನನಗೆ ತುಂಬ ದಿನ ಹಿಡಿಯಿತು. ಸ್ಟ್ಯಾಂಡ್ ಮುರಿದು ಹೋಗಿತ್ತು. ಮಾವ ಅಂಗಳಕ್ಕೆ ಇಳಿಯಲೂ ಇಲ್ಲ, ಜಗಲಿಯಿಂದಲೇ ಹೇಳಿದರು:

"ಭಾವ, ನೀವು ಹಾಸ್ಟೆಲಿಂದ ಉಳಿದ ಚಪಾತಿ ತರ್ತಿದ್ದಿರಿ, ಅದನ್ನು ದನಕ್ಕೆ ಹಾಕಿದ್ದೇವೆ. ಈ ಎಂಜಲನ್ನು ಯಾವುದಕ್ಕೆ ಹಾಕುವುದು?"

ಅಪ್ಪ ಸೈಕಲನ್ನು ಜಗಲಿಯ ಕಂಬಕ್ಕೆ ಒರಗಿಸಿದರು. ಅವರು ಆ ಮನೆಯಲ್ಲಿ ಉತ್ತರ ಕೊಟ್ಟದ್ದನ್ನು ನಾನು ನೋಡಿಲ್ಲ. ರಾತ್ರಿ ಮಾವ ಉಂಡು ಎದ್ದ ಮೇಲೆ ನಾನೂ ಅಪ್ಪನೂ ಊಟಕ್ಕೆ ಕೂತೆವು. ಅಪ್ಪ ಅನ್ನ ಕಲಸುತ್ತ, ಏರು ಬಂದಾಗ ದೊಡ್ಡ ಹಲ್ಲಿಗೆ ಹಾಕು, ಇಳಿಯುವಾಗ ಸಣ್ಣದಕ್ಕೆ, ಅಷ್ಟೇ ಎಂದರು. ಅಪ್ಪನಿಗೆ ಗೊತ್ತಿದ್ದದ್ದೂ ಅಷ್ಟೇ.

ಸೈಕಲ್ ಕಬ್ಬಿಣದ್ದಾದ್ದರಿಂದ ಚಾವಡಿಯಲ್ಲೇ ಇಡಬೇಕು ಎಂದಾಯಿತು. ಒಳಗೆ ಬರುವಾಗ ಎಡಗಡೆ ಗೋಡೆಗೆ ಅಕ್ಕಿ ತುಂಬಿಡುವ ಮರದ ಪತ್ತಾಯ, ಬೆಂಚು. ಖಾಲಿ ಇದ್ದದ್ದು ಬಲಗಡೆಯ ಗೋಡೆ. ನಾನು ಮೊದಲನೆಯ ದಿನ ಹೇಗೋ ಒರಗಿಸಿದ್ದೆ, ಮಾವ ಬಂದು ನೋಡಿ ಕಿವಿ ಹಿಡಿದು ತಿರುಗಿಸಿದರು, ನನ್ನ ಕಿವಿಯನ್ನು. ಸೈಕಲಿನ ಹಿಂಬದಿ ಮಂಚದ ಕಡೆ ಇತ್ತು. ಮುಖ ಮಂಚಕ್ಕೆ, ಹಿಂಬದಿ ಬಾಗಿಲಿಗೆ, ಹಾಗೇ ಇರಬೇಕು. ಅಂದಿನಿಂದ ಹಾಗೇ ಇಟ್ಟೆ. ಸಂಜೆ ನಾನು ಸೈಕಲ್ ಒರಗಿಸಿದ ಮೇಲೆ ಮಾವ ಹೊಗೆಕೋಣೆಯಿಂದ ಒಣಗಿದ ಶೀಟಿನ ಕಟ್ಟುಗಳನ್ನು ತಂದು ಅದಕ್ಕೇ ಒತ್ತಿ ಜೋಡಿಸುತ್ತಿದ್ದರು. ಬೇಕೆಂದೇ ಮಾಡಿದರೋ ಜಾಗ ಇಲ್ಲದೆ ಮಾಡಿದರೋ, ಬೆಳಿಗ್ಗೆ ನಾನು ಆ ಕಟ್ಟುಗಳನ್ನೆಲ್ಲ ಇಳಿಸಿಯೇ ಸೈಕಲ್ ತೆಗೆಯಬೇಕಿತ್ತು.

ಮೊದಲಿಗೆ ಸೈಕಲ್ ಚಂದ ಓಡಿತು. ಎರಡೂ ಏರನ್ನು ಕೂತೇ ತುಳಿದು ಗಂಟೆಗೆ ಮೊದಲೇ ತಲುಪುತ್ತಿದ್ದೆ. ಚಳಿ ಶುರುವಾಗುವ ಹೊತ್ತಿಗೆ ಸದ್ದು ಶುರುವಾಯಿತು. ತುಳಿದರೆ ಕರಕರ ಎಂದು ಹಲ್ಲು ಕಡಿಯುವ ಹಾಗೆ, ಏರಿನಲ್ಲಿ ಒತ್ತಿದರೆ ಟಕ್ ಎಂದು ಚೈನು ಜಾರುವುದು. ಜಾರಿದರೆ ಕಾಲು ಖಾಲಿ ಹೋಗಿ ಎದೆ ಹ್ಯಾಂಡಲಿಗೆ ಬಡಿಯುತ್ತಿತ್ತು. ಮಾವನಿಗೆ ಹಬ್ಬ. ನಾನು ಅಂಗಳ ದಾಟುವಾಗ, ಹೋಯಿತು ನೋಡಿ ಗಿರಣಿ, ಎಂದು ಅಜ್ಜಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಅಜ್ಜಿ, ಈ ಸದ್ದಿಗೆ ದನ ಹಾಲು ಇಳಿಸುವುದಿಲ್ಲ ಎಂದು ಶುರು ಮಾಡಿದಳು. ಅವಳ ದನ ಬತ್ತಿ ಎಷ್ಟೋ ಕಾಲ ಆಗಿತ್ತು.

ನಮ್ಮ ಮನೆಯಲ್ಲಿ ಕಿರುಗುಟ್ಟುವ ಎಲ್ಲದಕ್ಕೂ ಒಂದೇ ಮದ್ದು, ತೆಂಗಿನೆಣ್ಣೆ. ಬಾಗಿಲಿನ ತಿರುಗಣಿಗೂ ಅದೇ, ಅಜ್ಜಿಯ ಮಂಡಿಗೂ ಅದೇ. ನಾನು ತೆಂಗಿನ ಗೆರಟೆ ತುಂಬ ಎಣ್ಣೆ ತಂದು ಚೈನಿಗೆ, ಹಲ್ಲುಗಳಿಗೆ, ನೇತಾಡುವ ಕೈಗೆಲ್ಲ ಸುರಿದೆ. ಸಂಜೆ ತುಳಿದು ನೋಡಿದರೆ ಸದ್ದು ಕಡಿಮೆಯಾಗಿತ್ತು. ಬೆಳಿಗ್ಗೆ ನೋಡಿದರೆ ಚೈನಿನ ಮೇಲೆ ಬೆಳ್ಳಗೆ ಮೇಣ. ಕಾಡಿನ ಬದಿಯ ಚಳಿಗೆ ತೆಂಗಿನೆಣ್ಣೆ ಬಾಟ್ಲಿಯೊಳಗೇ ಗಟ್ಟಿಯಾಗುವುದು ನನಗೆ ಗೊತ್ತಿಲ್ಲದ್ದೇ? ದಿನಾ ತಲೆಗೆ ಹಚ್ಚಲು ಬಾಟ್ಲಿಯನ್ನು ಒಲೆಯ ಬದಿಗೆ ಇಡುವವರು ನಾವೇ. ಆದರೂ ಹೊಳೆಯಲಿಲ್ಲ. ಆ ಮೇಣಕ್ಕೆ ದಾರಿಯ ಕೆಂಪು ಧೂಳು ಹತ್ತಿ, ಹಲ್ಲುಗಳ ನಡುವೆ ಗೋಡೆಗೆ ಮೆತ್ತುವ ಮಣ್ಣಿನ ಹಾಗೆ ಕೂತಿತು. ಅಂದು ಗೇರ್ ಬದಲಾಗಲೇ ಇಲ್ಲ. ಎರಡೂ ಏರನ್ನು ತಳ್ಳಿಕೊಂಡು ಹೋದೆ. ಹೆಡ್ಮಾಸ್ಟರು ಗೇಟಿನಲ್ಲೇ ನಿಂತು, ನನ್ನ ಕಪ್ಪು ಕೈ ನೋಡಿ, ವಾಪಸು ಕಳಿಸಿದರು.

ಚಿಮಣಿ ಎಣ್ಣೆಯಲ್ಲಿ ಎಲ್ಲ ತೊಳೆದೆ. ಮಣ್ಣು ಹೋಯಿತು, ಸದ್ದು ಹೋಗಲಿಲ್ಲ. ಅಂದರೆ ಎಣ್ಣೆಯ ಸಮಸ್ಯೆ ಅಲ್ಲ. ಬೆಳ್ತಂಗಡಿಗೆ ತಳ್ಳಿಕೊಂಡು ಹೋದೆ. ಸೈಕಲ್ ಅಂಗಡಿಯವನು ಪಂಕ್ಚರ್ ಹಾಕುತ್ತಿದ್ದವನು ತಲೆ ಎತ್ತಿ ನೋಡಿ, ಇದು ಸೈಕಲ್ಲಾ ಟೈಪ್ ರೈಟರಾ ಮಾರಾಯ, ಇದನ್ನು ಮಾಡಿದವನ ಹತ್ತಿರವೇ ಕೊಂಡುಹೋಗು ಎಂದು ಮತ್ತೆ ತಲೆ ಬಗ್ಗಿಸಿದ. ವಯರ್ ಹಳತಾಗಿರಬೇಕು, ಬಿ.ಸಿ.ರೋಡಿನಲ್ಲಿ ಸಿಗುತ್ತದಂತೆ ಎಂದು ಅಪ್ಪ ಹೇಳಿ ಕಳಿಸಿದರು. ಭಾನುವಾರ ಬಸ್ಸು ಹತ್ತಿ ಹೋದೆ. ಅಲ್ಲಿನ ಅಂಗಡಿಯಾತ ವಯರ್ ಕೊಟ್ಟ. ಹಾಕುವುದು ಹೇಗೆ ಎಂದು ಕೇಳಿದೆ. ಅಲ್ಲಿ ಎರಡು ಸಣ್ಣ ಸ್ಕ್ರೂ ಇರ್ತದೆ, ತಿರುಗಿಸಿ ನೋಡು, ಎಂದು ಹೇಳಿ ಬೇರೆ ಗಿರಾಕಿಯ ಕಡೆ ತಿರುಗಿದ. ವಯರ್ ಬದಲಿಸಿದೆ, ಸ್ಕ್ರೂ ತಿರುಗಿಸಿದೆ, ಎಷ್ಟು ತಿರುಗಿಸಿದೆ ಎಂದು ನೆನಪಿಟ್ಟುಕೊಳ್ಳದೆ ತಿರುಗಿಸಿದೆ. ಅಂಗಳದಲ್ಲಿ ಒಂದು ಸುತ್ತು ಹಾಕುವುದರೊಳಗೆ ಚೈನು ದೊಡ್ಡ ಹಲ್ಲನ್ನೂ ದಾಟಿ ಚಕ್ರದ ಕಡ್ಡಿಗಳ ಮಧ್ಯೆ ಬಿತ್ತು, ಚಕ್ರ ಹಿಡಿಯಿತು, ನಾನು ಗೊಬ್ಬರದ ಗುಂಡಿಯ ಬದಿಗೆ ಬಿದ್ದೆ. ಮಾವ ನಕ್ಕರು. ಅವರು ನಕ್ಕದ್ದು ಅಪರೂಪ, ಹಾಗಾಗಿ ಅದು ಹೇಗಿತ್ತು ಎಂದು ಇಂದಿಗೂ ಕಿವಿಯಲ್ಲಿ ಉಂಟು. ಆ ಎರಡು ಸ್ಕ್ರೂಗಳು ಚೈನು ಎಲ್ಲಿಯವರೆಗೆ ಹೋಗಬಹುದು ಎಂದು ಬೇಲಿ ಹಾಕುವವು ಮಾತ್ರ, ಸದ್ದಿಗೂ ಅವಕ್ಕೂ ಸಂಬಂಧ ಇಲ್ಲ ಎಂದು ಬಿದ್ದ ಮೇಲೆ ತಿಳಿಯಿತು. ತಿರುಗಿಸಿದ್ದನ್ನು ಸ್ವಲ್ಪ ಸ್ವಲ್ಪವೇ ವಾಪಸು ತಂದೆ.

ಹೆಡ್ಮಾಸ್ಟರು ಇನ್ನೆರಡು ಸಲ ವಾಪಸು ಕಳಿಸಿದರು. ಎರಡನೆಯ ಸಲ ಹೆಚ್ಚು ಮಾತಾಡಲಿಲ್ಲ:

"ಈ ತಿಂಗಳು ಮುಗಿಯಲಿ. ಆಮೇಲೆ ನಿನ್ನ ಹೆಸರು ನಾನು ಇಟ್ಟುಕೊಳ್ಳುವುದಿಲ್ಲ."

ನಾನು ಸೈಕಲನ್ನು ಶೀಟ್ ಒಣಗಿಸುವ ಹಂದರಕ್ಕೆ ಹಗ್ಗ ಕಟ್ಟಿ ನೇತುಹಾಕಿ, ಪೆಡಲನ್ನು ಕೈಯಲ್ಲಿ ತಿರುಗಿಸುತ್ತ ಕಿವಿ ಕೊಟ್ಟು ಕೂರಲು ಶುರು ಮಾಡಿದೆ. ಇಳಿಜಾರಿನಲ್ಲಿ ತುಳಿಯುವುದು ನಿಲ್ಲಿಸಿದರೆ ಆ ಕರಕರ ನಿಲ್ಲುತ್ತಿತ್ತು, ಹಾಗಾದರೆ ಚಕ್ರದ್ದಲ್ಲ, ಚೈನಿನದ್ದು. ಯಾವ ಹಲ್ಲಿಗೆ ಹಾಕಿದರೂ ಸದ್ದು ಉಂಟು, ಹಾಗಾದರೆ ಒಂದು ಹಲ್ಲು ಸವೆದದ್ದಲ್ಲ. ದೊಡ್ಡ ಹಲ್ಲಿಗೆ ಹೋದಷ್ಟೂ ಜಾಸ್ತಿ. ಯಾಕೆ ಎಂದು ಗೊತ್ತಿಲ್ಲ. ಹೀಗೆ ಕೂತಿದ್ದಾಗ ಅಮ್ಮ ಕೂಗಿದಳು, ರೋಲರ್ ತಿರುಗಿಸಲು ಬಾ ಎಂದು. ನಮ್ಮ ರೋಲರಿನಲ್ಲಿ ಎರಡು ಕಬ್ಬಿಣದ ಉರುಳೆಗಳು, ಒಂದರ ಮೇಲೊಂದು. ಹೆಪ್ಪುಗಟ್ಟಿದ ಹಾಲನ್ನು ಅವುಗಳ ನಡುವೆ ಕೊಟ್ಟು ಹಿಡಿಕೆ ತಿರುಗಿಸಿದರೆ ಶೀಟ್ ಹೊರಗೆ ಬರುತ್ತದೆ. ಅಂದು ಶೀಟ್ ಒಂದು ಬದಿ ದಪ್ಪ, ಒಂದು ಬದಿ ತೆಳು, ಮೇಲಾಗಿ ಸೊಟ್ಟಗೆ ಓಡಿ ರೋಲರಿನ ಬದಿಗೆ ಉಜ್ಜಿ ಕಿರುಗುಡುತ್ತಿತ್ತು. ನಾನು ಅಭ್ಯಾಸಬಲದಿಂದ ಎಣ್ಣೆ ತರಲು ಎದ್ದೆ. ಅಮ್ಮ ಗದರಿದಳು:

"ಎಣ್ಣೆಯಂತೆ ಎಣ್ಣೆ. ಉರುಳೆ ಓರೆಯಾಗಿದೆ, ಕಣ್ಣಿಲ್ವಾ ನಿನಗೆ? ಹಿಂದೆ ಹೋಗಿ ನಿಂತು ನೋಡು."

ರೋಲರಿನ ಹಿಂದೆ ಹೋಗಿ ನೋಡಿದೆ. ಮೇಲಿನ ಉರುಳೆ ಕೆಳಗಿನದಕ್ಕೆ ಸರಿಯಾಗಿ ಕೂತಿರಲಿಲ್ಲ. ಸ್ಪ್ಯಾನರ್ ಹಾಕಿ ಒಂದು ಬದಿ ಸಡಿಲಿಸಿದೆ, ಶೀಟ್ ನೇರ ಬಂತು. ಸ್ಪ್ಯಾನರ್ ಕೈಯಲ್ಲೇ ಇತ್ತು. ಹಂದರಕ್ಕೆ ಹೋಗಿ ಸೈಕಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಇಷ್ಟು ದಿನ ನಾನು ಅದನ್ನು ಪಕ್ಕದಿಂದ ನೋಡಿದ್ದೆ, ಎಣ್ಣೆ ಹಾಕುವವನು ನಿಲ್ಲುವ ಕಡೆಯಿಂದ. ಹಿಂದಿನಿಂದ ನೋಡಿದ್ದಿಲ್ಲ. ಎರಡು ಪುಟ್ಟ ಚಕ್ರಗಳ ಆ ಕೈ ಹಲ್ಲುಗಳ ನೇರಕ್ಕೆ ಕೆಳಗೆ ಇಳಿದಿರಬೇಕಿತ್ತು. ಅದು ಚಕ್ರದ ಕಡೆಗೆ ಓರೆಯಾಗಿ, ಬಾಲ ಮಡಚಿದ ನಾಯಿಯ ಹಾಗೆ ಒಳಗೆ ಬಾಗಿತ್ತು. ಚೈನು ಅಲ್ಲಿಂದ ಸೊಟ್ಟಗೆ ಏರಿ ಪಕ್ಕದ ಹಲ್ಲಿಗೆ ಉಜ್ಜುತ್ತಿತ್ತು. ಎಷ್ಟು ಸರಳ ಎಂದರೆ ನನಗೆ ಸಿಟ್ಟು ಬಂತು.

ಆ ಕೈಯನ್ನು ಸೈಕಲಿಗೆ ಹಿಡಿದಿದ್ದದ್ದು ಒಂದು ಕಬ್ಬಿಣದ ಪಟ್ಟಿ. ಬಾಗಿದ್ದು ಆ ಪಟ್ಟಿ. ಸ್ಪ್ಯಾನರಿನ ಬಾಯಲ್ಲಿ ಅದನ್ನು ಕಚ್ಚಿಸಿ ಹೊರಗೆ ಎಳೆದೆ. ಜೋರು ಎಳೆದರೆ ಮುರಿಯುತ್ತದೆ, ಮುರಿದರೆ ಶಾಲೆ ಮುಗಿಯಿತು. ಎಳೆಯುವುದು, ಹಿಂದೆ ಹೋಗಿ ನೋಡುವುದು, ಮತ್ತೆ ಎಳೆಯುವುದು. ಆಮೇಲೆ ವಯರಿನ ಬುಡದಲ್ಲಿದ್ದ, ಬೆರಳಿನಿಂದ ತಿರುಗಿಸುವ ಬಿರಡೆಯನ್ನು ಸ್ವಲ್ಪ ತಿರುಗಿಸಿ ಕಿವಿ ಕೊಟ್ಟೆ, ಇನ್ನು ಸ್ವಲ್ಪ ತಿರುಗಿಸಿದೆ. ಸದ್ದು ಸಣ್ಣದಾಗುತ್ತ ಬಂದು ಒಂದು ಕಡೆ ನಿಂತೇ ಹೋಯಿತು. ಪೆಡಲ್ ತಿರುಗುತ್ತಿದೆ, ಚಕ್ರ ಓಡುತ್ತಿದೆ, ಚೈನು ಹರಿಯುವ ಸಪ್ಪಳ ಮಾತ್ರ. ಸೈಕಲ್ ತಂದು ಚಾವಡಿಯಲ್ಲಿ ಇಟ್ಟೆ, ಮುಖ ಮಂಚಕ್ಕೆ.

ಬೆಳಿಗ್ಗೆ ಅಂಗಳ ದಾಟುವಾಗ ಕರಕರ.

ಅಂದು ನಾನು ತಡವಾಗಿ ಹೋಗಿ ಗೇಟಿನಿಂದಲೇ ವಾಪಸು ಬಂದೆ. ದಾರಿಯುದ್ದಕ್ಕೂ ಮಾವನೇ ರಾತ್ರಿ ಎದ್ದು ಬಗ್ಗಿಸಿದರು ಎಂದೇ ನಂಬಿದ್ದೆ. ಅವರನ್ನು ಎಂತ ಮಾಡಬೇಕು ಎಂದು ಯೋಚಿಸುತ್ತ ಬಂದೆ. ಹದಿಹರೆಯದವನು ಯೋಚಿಸುವುದನ್ನೆಲ್ಲ ಇಲ್ಲಿ ಬರೆಯಲು ಆಗುವುದಿಲ್ಲ. ಮತ್ತೆ ಪಟ್ಟಿಯನ್ನು ಎಳೆದು ನೇರ ಮಾಡಿ, ಸಂಜೆ ಚಾವಡಿಗೆ ತಂದು ಇಟ್ಟು, ಪತ್ತಾಯದ ಸಂದಿಯಲ್ಲಿ ಕಾದು ಕೂತೆ. ಮಾವ ಬಂದರು. ಸೈಕಲನ್ನು ಮುಟ್ಟಲಿಲ್ಲ. ಶೀಟಿನ ಕಟ್ಟುಗಳನ್ನು ತಂದರು, ಒಂದೊಂದಾಗಿ ಸೈಕಲಿಗೆ ಒತ್ತಿ ಜೋಡಿಸಿದರು, ಮೊಣಕಾಲಿನಿಂದ ಒಮ್ಮೆ ತಳ್ಳಿ ಬಿಗಿ ಮಾಡಿದರು. ಸೈಕಲ್ ಗೋಡೆಗೆ ಹೋಗಿ ಕೂತಿತು. ಗೇರ್ ಇರುವುದು ಸೈಕಲಿನ ಬಲಗಡೆ. ಮುಖ ಮಂಚಕ್ಕೆ ಇಟ್ಟರೆ ಗೋಡೆಗೆ ತಾಗುವುದೂ ಬಲಗಡೆ. ಮುರಕಲ್ಲಿನ ಒರಟು ಗೋಡೆ ದಿನಾ ರಾತ್ರಿ ಆ ಕೈಯನ್ನು ಒಳಗೆ ಒತ್ತುತ್ತಿತ್ತು, ಬೆಳಗಿನವರೆಗೆ, ಶೀಟಿನ ಭಾರದಲ್ಲಿ. ನಾನು ದಿನಾ ಸಂಜೆ ಕೈಯಾರೆ ತಂದು ಅಲ್ಲಿ ಇಡುತ್ತಿದ್ದೆ.

ಮರುದಿನ ಪಟ್ಟಿಯನ್ನು ಮತ್ತೆ ನೇರ ಮಾಡಿ, ಸಂಜೆ ಸೈಕಲನ್ನು ತಿರುಗಿಸಿ ಇಟ್ಟೆ. ಸೈಕಲಿನ ಎಡಬದಿ ಅದೇ ಗೋಡೆಗೆ, ಗೇರ್ ಹೊರಗೆ, ಹಿಂಬದಿ ದೈವದ ಮಂಚಕ್ಕೆ. ಹೆದರಿದ್ದು ದೈವಕ್ಕೋ ಮಾವನಿಗೋ ಹೇಳಲಾರೆ, ಆ ವಯಸ್ಸಿನಲ್ಲಿ ಅವೆರಡೂ ನನಗೆ ಒಂದೇ. ಮಾವ ದೀಪ ಹಿಡಿದು ಬಂದವರು ನಿಂತರು. ದೀಪ ಕೆಳಗಿಟ್ಟರು. ಸೈಕಲನ್ನು ಎತ್ತಿ ಅಂಗಳಕ್ಕೆ ಎಸೆದರು. ನಾನು ಓಡಿ ಹೋಗಿ ಎತ್ತಿದೆ. ಗೇರ್ ಮೇಲ್ಗಡೆಗೆ ಬಿದ್ದಿತ್ತು, ಏನೂ ಆಗಿರಲಿಲ್ಲ. ಮತ್ತೆ ಒಳಗೆ ತಂದು ಅದೇ ಹಾಗೆ ಇಟ್ಟೆ. ಯಾಕೆ ಹಾಗೆ ಇಡಬೇಕು ಎಂದು ಹೇಳಲು ಹೊರಟೆ, ಬಾಗುತ್ತದೆ, ಒತ್ತುತ್ತದೆ, ಚೈನು ಎಂದೆಲ್ಲ. ಮಾವ ಕೇಳಲಿಲ್ಲ. ಕೆನ್ನೆಗೆ ಬಿತ್ತು. ಅಜ್ಜಿ, ಅಯ್ಯೋ ದೀಪದ ಹೊತ್ತು ಎಂದಳು, ಪೆಟ್ಟಿಗಲ್ಲ, ದೀಪಕ್ಕೆ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ದೈವಕ್ಕೆ ಬೆನ್ನು ಹಾಕಿದ ಸಾಮಾನು ಈ ಚಾವಡಿಯಲ್ಲಿ ಇರುವುದಿಲ್ಲ," ಮಾವ ಅವಳಿಗೆ ಹೇಳಿದರು. "ನಾಳೆ ಗುಜರಿಯವನಿಗೆ ಕೊಡ್ತೇನೆ. ನಿನ್ನ ಗಂಡ ಬೇರೆ ಎಂಜಲು ತರಲಿ."

ಅಮ್ಮ ನನ್ನ ಕೆನ್ನೆ ನೋಡಲಿಲ್ಲ. ನೇರ ಬಂದು ಸೈಕಲಿನ ಹ್ಯಾಂಡಲ್ ಹಿಡಿದಳು, ತಳ್ಳಲು ಬಾರದೆ ಎಳೆದಳು, ಪೆಡಲು ಅವಳ ಮೊಣಕಾಲಿಗೆ ಬಡಿಯಿತು.

"ಚಾವಡಿಯಲ್ಲಿ ಬೇಡ ಅಣ್ಣ. ನನ್ನ ಕೋಣೆಯಲ್ಲಿ ಇರ್ತದೆ. ಅಲ್ಲಿ ದೈವವೂ ಇಲ್ಲ, ಗಂಡನೂ ಇಲ್ಲ. ಜಾಗ ಉಂಟು."

ಹೆಂಗಸರ ಹೆಸರಿನ ಮನೆಯಲ್ಲಿ ಹೆಂಗಸಿನ ಕೋಣೆಗೆ ಯಜಮಾನನ ಕಾಲು ಹೋಗುವುದಿಲ್ಲ, ಅದು ಮಾವನೇ ಎಲ್ಲರಿಗಿಂತ ಹೆಚ್ಚು ಪಾಲಿಸುತ್ತಿದ್ದ ಕಟ್ಟಳೆ. ಅವರು ದೀಪ ಎತ್ತಿಕೊಂಡು ಮಂಚದ ಎದುರು ಇಟ್ಟರು, ಗಂಟೆ ಎಂದಿಗಿಂತ ಜಾಸ್ತಿ ಹೊತ್ತು ಆಡಿಸಿದರು. ಅಮ್ಮ ಸೈಕಲನ್ನು ತನ್ನ ಚಾಪೆಯ ಬದಿಗೆ ಒರಗಿಸಿ, ರಾತ್ರಿ ನನ್ನ ಮೇಲೆ ಬಿದ್ದರೆ ನಿನ್ನನ್ನು ಕೊಲ್ತೇನೆ ಎಂದು ಹೇಳಿ ಮೀನು ಕೊಚ್ಚಲು ಹೋದಳು.

ಬೆಳಿಗ್ಗೆ ನಾನು ಹಾಲಿನ ಬಕೆಟ್ ಹೊತ್ತು ಬಂದಾಗ ಮಾವ ಹೊಗೆಕೋಣೆಯ ಎದುರು ನಿಂತಿದ್ದರು. ಬಕೆಟ್ ನೋಡಿ, ಕಾಡಿನ ಬದಿಯ ಸಾಲನ್ನೂ ಇವತ್ತು ನೀನೇ ಮಾಡು ಎಂದರು. ಆ ಸಾಲು ಯಾವತ್ತೂ ಅವರದ್ದು. ಅದನ್ನು ಕೊಯ್ದು, ಹಾಲು ಇಳಿಯಲು ಕಾದು, ತಂದು ಒಪ್ಪಿಸುವ ಹೊತ್ತಿಗೆ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದಿರುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆ ಕ್ಷಣ ನನಗೆ ಸೈಕಲಿನ ಮೇಲಿನ ಸಿಟ್ಟೆಲ್ಲ ಇಳಿಯಿತು. ಇಷ್ಟು ದಿನ ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕಿ ಹುಡುಕಿ ಕಲಿತದ್ದು ಅಷ್ಟೇ, ಎದುರು ನಿಂತದ್ದನ್ನು ಸರಿಯಾಗಿ ನೋಡುವುದು. ನನ್ನ ಸಾಲಿನ ಹಾಲು ಒಪ್ಪಿಸಿದೆ ಎಂದೆ. ಚೂರಿಯನ್ನು ಅವರ ಕಾಲಿನ ಹತ್ತಿರ ನೆಲದ ಮೇಲೆ ಇಟ್ಟೆ. ಅಮ್ಮನ ಕೋಣೆಯಿಂದ ಸೈಕಲ್ ತೆಗೆದೆ. ಅವರು ಕೂಗಿ ಹೇಳಿದ್ದು ಊಟದ ವಿಷಯ ಎಂದು ಗೊತ್ತು, ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಮೊದಲ ಏರಿನಲ್ಲಿ ದೊಡ್ಡ ಹಲ್ಲಿಗೆ ಹಾಕಿದೆ. ಹೋಯಿತು. ಕರಕರ ಇಲ್ಲ, ಜಾರುವುದಿಲ್ಲ. ನನ್ನ ಉಸಿರು ನನಗೆ ಕೇಳುತ್ತಿತ್ತು. ಎರಡನೆಯ ಏರಿನ ಅರ್ಧದಲ್ಲಿ ಹೊಟ್ಟೆಯಿಂದ ಅಳು ಬಂತು, ಅಳುತ್ತಲೇ ತುಳಿದೆ, ನಿಲ್ಲಿಸಿದರೆ ಮತ್ತೆ ಹತ್ತುವುದು ಕಷ್ಟ. ಗೇಟಿನಲ್ಲಿ ಹೆಡ್ಮಾಸ್ಟರು ನಿಂತಿದ್ದರು. ಗಂಟೆ ಇನ್ನೂ ಹೊಡೆದಿರಲಿಲ್ಲ. ಅವರು ಕೈಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಬದಿಗೆ ಸರಿದರು.

ಸಂಜೆ ಊಟ ಇತ್ತು. ಮಾವ ಉಂಡು ಎದ್ದ ಮೇಲೆ ಅಮ್ಮ ಎಂದಿನಂತೆ ಬಡಿಸಿದಳು, ಮಾವ ನೋಡಿಯೂ ಏನೂ ಹೇಳಲಿಲ್ಲ. ನನಗೆ ಹೇಳುವುದನ್ನೇ ಅವರು ನಿಲ್ಲಿಸಿದ್ದರು. ಅಂದಿನಿಂದ ನನಗೆ ಬೇಕಾದ ಬೈಗುಳವನ್ನೆಲ್ಲ ನನ್ನ ಎದುರಿನಲ್ಲೇ ಅಮ್ಮನ ಮೂಲಕ ಕೊಡುತ್ತಿದ್ದರು. ಅವನಿಗೆ ಹೇಳು, ಮರ ಕೊಯ್ದದ್ದು ಆಳ ಆಗಿದೆ. ಅವನಿಗೆ ಹೇಳು, ಬಕೆಟ್ ತೊಳೆದಿಲ್ಲ. ಅಮ್ಮ ನನ್ನ ಕಡೆ ತಿರುಗಿ ಅದನ್ನೇ ಹೇಳುವಳು, ನಾನು ಅಮ್ಮನಿಗೆ ಉತ್ತರ ಕೊಡುವುದು, ಅವಳು ಅದನ್ನು ಅಣ್ಣನಿಗೆ ತಲುಪಿಸುವುದು. ಮೂವರೂ ಒಂದೇ ಜಗಲಿಯಲ್ಲಿ ಕೂತು ಹೀಗೆ ಕಾಲ ಕಳೆದೆವು. ಕಾಡಿನ ಬದಿಯ ಸಾಲನ್ನು ಮಾತ್ರ ಮತ್ತೆ ನನಗೆ ಹೇಳಲಿಲ್ಲ. ನಾನು ಟ್ಯಾಪಿಂಗ್ ಮುಗಿಸಿ, ಅಮ್ಮನ ಚಾಪೆ ದಾಟಿ ಸೈಕಲ್ ತೆಗೆದು, ಹತ್ತನೆಯವರೆಗೆ ಹೋದೆ. ಸದ್ದು ಮತ್ತೆಯೂ ಬರುತ್ತಿತ್ತು. ಬಂದರೆ ಮೊದಲು ಹಿಂದೆ ಕೂತು ನೋಡುತ್ತಿದ್ದೆ.

ಹತ್ತನೆಯ ಫಲಿತಾಂಶ ಬಂದ ದಿನ ಅಪ್ಪ ಮೂಡುಬಿದಿರೆಯಿಂದ ಬಂದಿದ್ದರು, ಹಾಸ್ಟೆಲಿನ ಲಾಡು ತಂದಿದ್ದರು. ಮಾವ ಊಟಕ್ಕೆ ಕೂತಿದ್ದರು. ಲಾಡು ಎಲೆಯ ಬದಿಗೆ ಸರಿಸಿ, ಸಾರು ಹಾಕಿಸಿಕೊಂಡು ಅಮ್ಮನಿಗೆ ಹೇಳಿದರು:

"ನಿನ್ನ ಮಗ ಪಾಸಂತೆ. ಇನ್ನಾದರೂ ಆ ಸೈಕಲ್ಲನ್ನು ನಿನ್ನ ಕೋಣೆಯಿಂದ ತೆಗೀಲಿಕ್ಕೆ ಹೇಳು."

ಅಮ್ಮ ನನ್ನ ಕಡೆ ತಿರುಗಿದಳು. "ಸೈಕಲ್ ತೆಗೀಬೇಕಂತೆ."

"ಕಾಲೇಜು ಇನ್ನೂ ದೂರ ಅಂತ ಹೇಳು," ಎಂದೆ.

ಅಮ್ಮ ಸೌಟನ್ನು ಪಾತ್ರೆಯೊಳಗೆ ಇಟ್ಟು, ಅಣ್ಣನ ಕಡೆ ತಿರುಗಿ ಹೇಳಿದಳು:

"ಕಾಲೇಜು ಇನ್ನೂ ದೂರ ಅಂತೆ."